ಮಿತ್ರರಾಷ್ಟ್ರಕ್ಕೆ ಬರೆದ ರಿಜಿಸ್ಟರ್ ಪತ್ರ

ಇಡೀ ಗದಗ-ಬೆಟಗೇರಿಯಲ್ಲಿ ಅಮೆರಿಕಾ ಯಾರಿಗಾದರೂ ಅಂಜಬೇಕಾಗಿದ್ದರೆ ಅದು ನಮ್ಮ ಮಾಮಾನಿಗೆ. ಈ ಸಂಗತಿ ಅಮೆರಿಕಾಕ್ಕೆ ಇನ್ನೂ ಗೊತ್ತಾಗಿಲ್ಲ ಅನ್ನುವುದು ಬೇರೆ ಮಾತು. ಗೊತ್ತು ಮಾಡಿಕೊಡುವುದರಲ್ಲಿ ಮಾಮಾನ ಕಡೆಯಿಂದ ಯಾವ ಕೊರತೆಯೂ ಆಗಿಲ್ಲ. ಬೆಟಗೇರಿಯ ಅಂಚೆ ಕಚೇರಿ ಇಂದಿಗೂ ಬಾಗಿಲು ತೆರೆದುಕೊಂಡು ಕೂತಿದ್ದರೆ ಅದಕ್ಕೆ ಅರ್ಧ ಕಾರಣ ನಮ್ಮ ಮಾಮಾ ಜಗತ್ತಿನ ಸರ್ಕಾರಗಳಿಗೆಲ್ಲ ಬರೆಯುವ ರಿಜಿಸ್ಟರ್ ಪತ್ರಗಳು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಬೆಟಗೇರಿಯ ನೇಕಾರ. ಎಪ್ಪತ್ತಾರು ವಯಸ್ಸು. ಮೊಣಕಾಲು ಎರಡನ್ನು ಬಿಟ್ಟರೆ ಉಳಿದ ಅಂಗಗಳೆಲ್ಲ ಇವತ್ತಿಗೂ ಹೋರಾಟಕ್ಕೆ ತಯಾರು. ಒಂದು ಕಾಲಕ್ಕೆ ನೇಕಾರರ ಸಂಘ ಕಟ್ಟಿ, ಲಾಠಿ ತಿಂದು, ಹನ್ನೊಂದು ದಿನ ಒಳಗಿದ್ದು ಬಂದವನು. ಅವನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವನೇನೂ ಅನ್ನುವುದಿಲ್ಲ, ಅಂಜಿಕೆ ನನಗೆ.

ಇಲ್ಲಿ ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಗದಗಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಅದು ಹೊಟ್ಟೆಪಾಡಿಗೆ. ನಿಜವಾದ ಉದ್ಯೋಗ ಅಂಜುವುದು. ಐವತ್ತೆರಡು ವರ್ಷಗಳ ಅನುಭವ ಇದೆ. ಮನೆಗೆ ಕೀಲಿ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಓಣಿಯ ತಿರುವಿನ ತನಕ ಹೋಗಿ ಮರಳಿ ಬಂದು ನಾಲ್ಕನೇ ಸಲ ಜಗ್ಗುತ್ತೇನೆ. ಮಾಮಾನಿಗೆ ಇದೊಂದು ದೊಡ್ಡ ತಮಾಷೆ. "ಲೇ ತಮ್ಮಾ, ಜಗ್ಗಿ ಜಗ್ಗಿ ಆ ಕೀಲಿ ಒಂದಿನ ಕಿತಗೊಂಡ ಬರತೈತಿ ನೋಡು. ಕಳ್ಳಗ ನಿನ್ನಂಥಾ ಕೈಗೂಡಿಸೋ ಮನಿಯಾವ ಸಿಕ್ಕರ ಸಾಕು," ಅನ್ನುತ್ತಾನೆ. ಅವನ ಮನೆಯ ಬಾಗಿಲು ಹಗಲೆಲ್ಲ ಹಾರುಹೊಡೆದಿರುತ್ತದೆ. ಒಳಗೆ ಕದಿಯುವಂಥದ್ದು ಏನಿದೆ? ಅತ್ತೆಯ ಮಗ್ಗ, ಒಂದು ಜಗತ್ತಿನ ನಕಾಶೆ, ಮತ್ತು ಠರಾವಿನ, ಅಂದರೆ ಸಭೆಯ ನಿರ್ಣಯಗಳ ಪುಸ್ತಕಗಳು.

ಒಂದು ಪ್ರಸಂಗ ಹೇಳಿದರೆ ನಿಮಗೆ ಆಸಾಮಿ ತಿಳಿಯುತ್ತಾನೆ. ಗದಗ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ತಳ್ಳುಗಾಡಿಯಲ್ಲಿ ಬೇಯಿಸಿದ ಗೊಂಜಾಳದ ಕಾಳು ಮಾರುತ್ತಿದ್ದ. ಗಾಡಿಯ ನೆತ್ತಿಯ ಮೇಲೆ 'ಅಮೆರಿಕನ್ ಸ್ವೀಟ್ ಕಾರ್ನ್' ಎಂಬ ಹಳದಿ ಬೋರ್ಡು. ಮಾಮಾ ಅದರ ಎದುರು ನಿಂತು ಅರ್ಧ ತಾಸು ಭಾಷಣ ಮಾಡಿದ. ಗಾಡಿಯವ ಶಾಂತ ಮನುಷ್ಯ. ಎಲ್ಲ ಕೇಳಿ, "ಅಜ್ಜಾರ, ಇದು ನಮ್ಮೂರು ಡೋಣಿ ಹೊಲದ್ದರಿ, ನಮ್ಮಣ್ಣ ಬೆಳದಾನ" ಅಂದ. ಹಾಗಾದರೆ ಅಮೆರಿಕಾದ ಹೆಸರು ಯಾಕೆ ಎಂದು ಮಾಮಾ ಕೇಳಿದ. "ಡೋಣಿ ಅಂದ್ರ ಯಾರು ತಿಂತಾರ್ರಿ?" ಎಂದ ಗಾಡಿಯವ. ಮಾಮಾ ಬಿಡುವ ಪೈಕಿಯೇ? ಮರುದಿನ ಬಣ್ಣ, ಕುಂಚ ಒಯ್ದು 'ಡೋಣಿ ಗೊಂಜಾಳ' ಎಂದು ತಾನೇ ಬರೆದುಕೊಟ್ಟ. ಗಾಡಿಯವನ ಮಾತೇ ಖರೆಯಾಯಿತು. ಒಬ್ಬರೂ ಹತ್ತಿರ ಸುಳಿಯಲಿಲ್ಲ. ತಪ್ಪು ತನ್ನ ಕೊರಳಿಗೆ ಬಂತೆಂದು ಮಾಮಾ ದಿನಾ ಹೋಗಿ ನಾಲ್ಕು ನಾಲ್ಕು ಕಪ್ಪು ತಿಂದ. ಒಂಬತ್ತನೆಯ ದಿನ ಅವನ ಹೊಟ್ಟೆ ಮುಷ್ಕರ ಹೂಡಿತು. ಹತ್ತನೆಯ ದಿನ ಬೋರ್ಡು ಅಮೆರಿಕಾಕ್ಕೆ ಮರಳಿತು.

ಆ ನಕಾಶೆಯ ಕತೆ ಇನ್ನೊಂದು. ಮಾಮಾ ದೇವರನ್ನು ನಂಬುವುದಿಲ್ಲ, ಆದರೆ ಕುಂಕುಮವನ್ನು ನಂಬುತ್ತಾನೆ. ಯಾವ ದೇಶದ ಸರ್ಕಾರ ಅಮೆರಿಕಾದ ಮುಂದೆ ಎದೆ ಸೆಟೆಸಿ ನಿಂತಿತೋ ಆ ದೇಶಕ್ಕೆ ಅತ್ತೆಯ ಪೂಜೆಯ ಬಟ್ಟಲಿನಿಂದ ಒಂದು ಬೊಟ್ಟು. ನಾನು ಚಿಕ್ಕವನಿದ್ದಾಗ ಮೂರೋ ನಾಲ್ಕೋ ಬೊಟ್ಟುಗಳಿದ್ದವು. ಈಚೆಗೆ ಆ ಸರ್ಕಾರಗಳೆಲ್ಲ ಒಂದಾಗಿ ಕೂಟ ಕಟ್ಟತೊಡಗಿದ ಮೇಲೆ ನಕಾಶೆ ಹತ್ತಾರು ಕಡೆ ಮುತ್ತೈದೆಯಾಯಿತು. "ದೇವರಿಗೂ ಒಂದು ಚಿಟಿಕಿ ಉಳಸ್ರಿ, ಅವನೂ ಅಮೆರಿಕಾದಾವ ಅಲ್ಲ," ಎಂದು ಅತ್ತೆ ಮಗ್ಗದ ಕುಣಿಯೊಳಗಿಂದಲೇ ಹೇಳುತ್ತಾಳೆ. ಅವಳು ಕೂತು ನೇಯುವುದು, ಅವನು ನಿಂತು ಜಗತ್ತು ತಿದ್ದುವುದು. ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತವೆ.

ಶನಿವಾರ ಇಳಿಹೊತ್ತಿಗೆ ಅದೇ ಕೋಣೆಯಲ್ಲಿ ಅಭ್ಯಾಸ ಕೂಟ. ಮಾಮಾ ಸೇರಿ ಸದಸ್ಯರು ಐದು ಮಂದಿ. ಇಬ್ಬರು ನಿವೃತ್ತ ಮಾಸ್ತರರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬರು ಕೂತಕೂಡಲೇ ನಿದ್ದೆ ಹೋಗುತ್ತಾರೆ. ಆದ್ದರಿಂದ ಮಾಮಾನ ಠರಾವುಗಳೆಲ್ಲ ಸರ್ವಾನುಮತದಿಂದ ಪಾಸಾಗುತ್ತವೆ. ಮೂರನೆಯವನು ನಾನು, ಅಂಜಿಕೊಂಡು ಕೈ ಎತ್ತುವವನು. ನಾಲ್ಕನೆಯವರು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುವ ಟೇಲರ್ ಚಾಚಾ. ನಲವತ್ತು ವರ್ಷದ ಹಿಂದೆ ಮಾಮಾನ ಜೊತೆ ಒಂದೇ ಲಾಠಿ ತಿಂದು ಒಂದೇ ಕೋಣೆಯಲ್ಲಿ ಹನ್ನೊಂದು ದಿನ ಕಳೆದವರು. ಆ ಕೂಟದಲ್ಲಿ ಮಾಮಾನಿಗೆ ಎದುರು ಮಾತಾಡುವ ಧೈರ್ಯ ಇರುವುದು ಅವರೊಬ್ಬರಿಗೆ.

ಒಂದು ಶನಿವಾರದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಆ ಸರ್ಕಾರಗಳ ಕೂಟವನ್ನು ನಮ್ಮಂಥ ಎಡಪಂಥದವರು ಬೆಂಬಲಿಸಬೇಕೋ ಬೇಡವೋ? ಬೇಕೇ ಬೇಕು ಎಂದು ಮಾಮಾ. ಸಣ್ಣ ಸಣ್ಣ ದೇಶಗಳ ಮೇಲೆ ಬಾಂಬು ಬೀಳುವಾಗ, ಕೂಸುಗಳಿಗೆ ಔಷಧವೂ ಮುಟ್ಟದಂತೆ ದಿಗ್ಬಂಧನ ಹಾಕುವಾಗ ಅಡ್ಡ ಬರುವವರು ಯಾರು ಎಂದು ಕೇಳಿದ. ಅದು ನಾಟಕವಲ್ಲ, ಅಂಥ ಸುದ್ದಿ ಬಂದ ದಿನ ಅವನು ಉಣ್ಣುವುದಿಲ್ಲ. "ಒಬ್ಬನ ಹೋರಿ ಊರ ಹೊಲಾ ಎಲ್ಲಾ ಮೇಯಾಕ ಹತ್ತಿದ್ರ, ಉಳಿದ ಹೋರಿಗೋಳು ಕೂಡಿ ಕೊಂಬು ಕೊಡಬೇಕು. ಆವಾಗ ಈ ಹೋರಿ ಹಲ್ಲು ಎಷ್ಟು, ಅದರ ಸುಳಿ ಎಲ್ಲೈತಿ ಅಂತ ನೋಡಕೋತ ಕೂಡ್ತಾರೇನು?"

ಚಾಚಾ ಕನ್ನಡಕ ಒರೆಸಿಕೊಂಡರು. "ನೀ ಹೇಳೋದು ಖರೆ ಐತಿ. ಆದ್ರ ಕೊಂಬು ಕೊಟ್ಟು ಬಂದ ಹೋರಿ ಮೇಯೋದು ಯಾರ ಹೊಲಾ, ಕಾಮ್ರೇಡ?" ಎಂದು ನಕಾಶೆಯ ಕಡೆ ಬೆರಳು ಮಾಡಿದರು. "ನೀ ಕುಂಕುಮಾ ಹಚ್ಚಿದಿಯಲ್ಲಾ, ಈ ದೇಶದಾಗ ನಿನ್ನಂಗ ಸಂಘಾ ಕಟ್ಟೋ ಮಂದಿ ಎಲ್ಲಿ ಇರ್ತಾರ?"

ಮಾಮಾ ಏನೇ ಇರಲಿ, ಸುಳ್ಳು ಹೇಳುವವನಲ್ಲ. "ಜೇಲಿನ್ಯಾಗ" ಅಂದ.

"ಹಂಗಾರ ಬೊಟ್ಟು ಆ ಜೇಲಿನ ಮ್ಯಾಲೆ ಹಚ್ಚು, ನಾ ಸಹಿ ಮಾಡ್ತೀನಿ."

ನನಗಂತೂ ಇಬ್ಬರ ಮಾತೂ ಖರೆ ಅನ್ನಿಸಿತು. ಅಂಜುಬುರುಕರ ಹಣೆಬರಹವೇ ಅದು, ಯಾವ ಹೋರಿ ನೋಡಿದರೂ ನಮಗೆ ಕೊಂಬೇ ಮೊದಲು ಕಾಣುತ್ತದೆ. ಆದರೂ ಠರಾವು ಪಾಸಾಯಿತು. ಚಾಚಾ ಸಹ ಕೊನೆಗೆ ಸಹಿ ಹಾಕಿದರು. ನಲವತ್ತು ವರ್ಷದ ದೋಸ್ತಿಯ ಮುಂದೆ ನಾಲ್ಕು ಸಾಲಿನ ಠರಾವು ಯಾವ ಲೆಕ್ಕ?

ಪಾಸಾದ ಠರಾವನ್ನು ಇಂಗ್ಲಿಷಿಗೆ ಮಾಡಿ ಆಯಾ ದೇಶದ ರಾಯಭಾರಿಗೆ ಕಳಿಸುವುದು ಪದ್ಧತಿ. ಇಂಗ್ಲಿಷಿಗೆ ಮಾಡುವ ಕರ್ಮ ನನ್ನದು. ಇಲ್ಲಿ ನಾನೊಂದು ಪಾಪ ಒಪ್ಪಿಕೊಳ್ಳಬೇಕು. 'ಉಗ್ರವಾಗಿ ಖಂಡಿಸುತ್ತೇವೆ' ಎಂದು ಮಾಮಾ ಬರೆದರೆ ನನ್ನ ಕೈ ತಾನಾಗಿ 'ಗಮನಕ್ಕೆ ತರಬಯಸುತ್ತೇವೆ' ಎಂದು ಬರೆಯುತ್ತಿತ್ತು. 'ಎಚ್ಚರಿಕೆ!' ಎಂಬುದು 'ವಿನಂತಿ' ಆಗುತ್ತಿತ್ತು. ಹೀಗೆ ಒಮ್ಮೆ ಅಮೆರಿಕಾದವರ ಒಂದು ಕಚೇರಿಗೆ ಹೋದ ಮಹಾ ಖಂಡನೆಗೆ ಉತ್ತರ ಬಂತು! ತಮ್ಮ ದೇಶದ ಬಗ್ಗೆ ತಾವು ತೋರಿದ ಆಸಕ್ತಿಗೆ ಧನ್ಯವಾದ ಎಂಬ ಒಂದು ಸಾಲು, ಜೊತೆಗೆ ಜಲಪಾತಗಳ ಬಣ್ಣದ ಕ್ಯಾಲೆಂಡರು. ಅತ್ತೆ ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿ ಹಾಲಿನವ ಬಾರದ ದಿನಗಳಿಗೆ ಗೆರೆ ಹೊಡೆದುಕೊಂಡಳು. ಮಾಮಾ ಒಂದು ವರ್ಷ ಪೂರ್ತಿ ಅಡುಗೆಮನೆಗೆ ಕಾಲಿಡಲಿಲ್ಲ. "ನಾ ಖಾರಾ ಅರದು ಕೊಡ್ತೀನಿ, ಇವಾ ಮಜ್ಜಿಗಿ ಮಾಡಿ ಕಳಸ್ತಾನ," ಎಂದು ಅವತ್ತಿನಿಂದ ನನ್ನ ಇಂಗ್ಲಿಷಿನ ಮೇಲೆ ಅವನಿಗೆ ಸಂಶಯ. ಆ ಸಂಶಯವೇ ಮುಂದಿನ ಅನಾಹುತಕ್ಕೆ ದಾರಿ ಮಾಡಿತು.

ಚಾಚಾನಿಗೆ ಒಬ್ಬ ಮೊಮ್ಮಗಳು, ಸಲ್ಮಾ. ಸಣ್ಣವಳಿದ್ದಾಗ ಪ್ರತಿ ಶನಿವಾರ ಅಜ್ಜನ ಬೆರಳು ಹಿಡಿದು ಬರುತ್ತಿದ್ದಳು. ಅತ್ತೆಯ ಮಗ್ಗದ ಪಕ್ಕ ಖಾಲಿ ಲಾಳಿ ಉರುಳಿಸುತ್ತ ನಮ್ಮ ಭಾಷಣ ಕೇಳುತ್ತಿದ್ದಳು. ಉರುಳಿಗೆ ಸುತ್ತಿದ ಉದ್ದ ಎಳೆಗಳ ಹಳೆಯ ಹಾಸು ಮುಗಿದು ಅತ್ತೆ ಹೊಸದು ಹೂಡುವಾಗ ಎದುರಿಗೆ ಕೂತು ಎಳೆ ಹೆಕ್ಕಿ ಕೊಡುತ್ತಿದ್ದಳು. ಆ ಕೆಲಸ ನೋಡಿದ್ದೀರಾ? ಹಳೆ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸಬೇಕು, ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಕಾಣುತ್ತದೆ. ಹಾಗೆ ಕೂತಾಗ ಮಾಮಾ ಆ ಹುಡುಗಿಗೆ ಪಾಠ ಹೇಳುತ್ತಿದ್ದ. ಯಾರನ್ನಾದರೂ ಅನ್ಯಾಯವಾಗಿ ಹಿಡಿದುಕೊಂಡು ಹೋಗಲು ಬಂದರೆ ಏನು ಮಾಡಬೇಕು? "ಏನೂ ಮಾಡಬ್ಯಾಡವಾ. ಹೋಗಿ ಅವರ ಬಾಜೂಕ ನಿಂದ್ರು. ಸುಮ್ನ ನಿಂದ್ರು, ಸಾಕು."

ಆಕೆಗೆ ಡಾಕ್ಟರಾಗುವ ಆಸೆ. ಇಲ್ಲಿ ಸೀಟು ಸಿಗಲಿಲ್ಲ. ಹೊರದೇಶಕ್ಕೆ ಕಳಿಸಲು ಚಾಚಾ ಹಿಂದೆ ಮುಂದೆ ನೋಡುತ್ತಿದ್ದಾಗ ಮಾಮಾ ನಕಾಶೆಯ ಎದುರು ನಿಂತು, ಕುಂಕುಮ ಹಚ್ಚಿದ ಒಂದು ದೇಶದ ಮೇಲೆ ಬೆರಳಿಟ್ಟ. "ಇಲ್ಲಿ ಕಳಸು. ನಮ್ಮಾವ್ರು." ಆ ದೇಶ ಯಾವುದು ಎಂದು ನಾನು ಬರೆಯುವುದಿಲ್ಲ. ಸಲ್ಮಾ ಇನ್ನೂ ಅಲ್ಲೇ ಓದುತ್ತಿದ್ದಾಳೆ.

ಎರಡು ವರ್ಷದ ಹಿಂದಿನ ಮಾತು. ಒಂದು ಮಂಗಳವಾರ ಚಾಚಾ ನನಗೆ ಫೋನು ಮಾಡಿದರು. ಮಾಮಾನಿಗೆ ಮಾಡದೆ ನನಗೆ ಮಾಡಿದ್ದು ನೋಡಿಯೇ ಸುದ್ದಿ ಒಳ್ಳೆಯದಲ್ಲ ಎಂದು ತಿಳಿಯಿತು. ಅಲ್ಲಿನ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕನನ್ನು ಸರ್ಕಾರದ ವಿರುದ್ಧ ಮಾತಾಡಿದ್ದಕ್ಕೆ ಹಿಡಿದುಕೊಂಡು ಹೋಗಿದ್ದರಂತೆ. ಅವನ ಪರವಾಗಿ ನಾಲ್ಕಾರು ಹುಡುಗ ಹುಡುಗಿಯರು ಕಾಲೇಜಿನ ಗೇಟಿನ ಎದುರು ಹಾಳೆ ಹಿಡಿದು ನಿಂತಿದ್ದರು. ಅವರಲ್ಲಿ ಸಲ್ಮಾಳ ಕೋಣೆಯ ಗೆಳತಿಯೂ ಒಬ್ಬಳು, ಅದೇ ದೇಶದವಳು. ಯಾರೋ ತೆಗೆದ ಫೋಟೋದ ಅಂಚಿನಲ್ಲಿ ಸಲ್ಮಾ ಕಾಣುತ್ತಾಳೆ. ಪಾಸ್‌ಪೋರ್ಟ್ ಕಸಿದುಕೊಂಡಿದ್ದಾರೆ. ಬರುವ ಸೋಮವಾರ ವಿಚಾರಣೆ. ತಾನು ಬ್ರೆಡ್ ತರಲು ಅಂಗಡಿಗೆ ಹೊರಟಿದ್ದೆ, ಗುಂಪಿಗೂ ತನಗೂ ಸಂಬಂಧವಿಲ್ಲ ಎಂದು ಸಲ್ಮಾ ಬರೆದುಕೊಟ್ಟಿದ್ದಾಳೆ. ಅಷ್ಟನ್ನು ಅವರು ನಂಬಿದರೆ ಬಚಾವು. ನಂಬದಿದ್ದರೆ ಏನಾಗುತ್ತದೆಂದು ಚಾಚಾ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಅಂಥದ್ದನ್ನು ಯಾರೂ ಹೇಳಬೇಕಾಗಿಲ್ಲ, ಕ್ಷಣದಲ್ಲಿ ಇಪ್ಪತ್ತು ನಮೂನೆ ಕಾಣುತ್ತವೆ.

ಬುಧವಾರ ಸಲ್ಮಾ ಮಾಮಾನಿಗೆ ಫೋನು ಮಾಡಿದಳು, ಬೇರೊಬ್ಬ ಗೆಳತಿಯ ಫೋನಿನಿಂದ, ಕನ್ನಡದಲ್ಲಿ. ಒಂದೇ ಮಾತು ಹೇಳಿದಳಂತೆ: "ಅಜ್ಜಾ, ನಿಮಗಷ್ಟ ಹೇಳ್ತೀನಿ. ನಾ ಬ್ರೆಡ್ ತರಾಕ ಹೋಗಿರಲಿಲ್ಲ. ಅಕಿ ಬಾಜೂಕ ಹೋಗಿ ನಿಂತಿದ್ದೆ."

ಗುರುವಾರ ಮಧ್ಯಾಹ್ನ ನಾನು ಮಾಮಾನ ಮನೆಗೆ ಹೋದಾಗ ಅವನ ಮುಖ ಹಬ್ಬದ ಹೋಳಿಗೆಯ ಹಾಗೆ ಅರಳಿತ್ತು. "ಎಲ್ಲಾ ಆತು. ಅವರ ರಾಯಭಾರಿಗೆ ರಿಜಿಸ್ಟರ್ ಮಾಡಿ ಬಂದೆ. ಇದು ನಕಲು, ಇಟ್ಕೋ," ಎಂದು ಒಂದು ಝೆರಾಕ್ಸ್ ಹಾಳೆ ಕೊಟ್ಟ. ಇಂಗ್ಲಿಷು ನನ್ನದಲ್ಲ. ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಯವಳು ಮಾಡಿಕೊಟ್ಟದ್ದು. ಆಕೆ ಪ್ರಾಮಾಣಿಕಳು, ಒಂದು ಶಬ್ದವನ್ನೂ ಮಜ್ಜಿಗೆ ಮಾಡಿರಲಿಲ್ಲ.

ನಾನು ನಿಂತಲ್ಲೇ ಓದಿದೆ. ನಲವತ್ತು ವರ್ಷಗಳಿಂದ ನಿಮ್ಮ ದೇಶದ ಗೆಳೆಯನಾದ ನಾನು ಬರೆಯುವುದೇನೆಂದರೆ ಎಂದು ಶುರುವಾಗಿ, ಹಿಂದೆ ಕಳಿಸಿದ ಠರಾವುಗಳ ಯಾದಿ ಕೊಟ್ಟು, ಕೊನೆಗೆ ಹೀಗಿತ್ತು: 'ನಮ್ಮ ಸಲ್ಮಾ ಅಂದು ಆ ವಿದ್ಯಾರ್ಥಿಗಳ ಜೊತೆಗೆ ನಿಂತಿದ್ದಳು. ಬ್ರೆಡ್ಡಿನ ಮಾತು ಹುಡುಗಿ ಹೆದರಿ ಹೇಳಿದ್ದು. ಹಿಡಿಯಲ್ಪಟ್ಟವರ ಪಕ್ಕದಲ್ಲಿ ನಿಲ್ಲುವುದನ್ನು ಅವಳಿಗೆ ನಾನೇ ಕಲಿಸಿದ್ದೇನೆ. ಅವಳು ನಿಮ್ಮ ವೈರಿಯಲ್ಲ, ಅಪ್ಪಟ ಹೋರಾಟಗಾರ್ತಿ. ಆದ್ದರಿಂದ ಕೂಡಲೇ ಪಾಸ್‌ಪೋರ್ಟ್ ಮರಳಿಸುವುದು.'

ಅಲ್ಲೇ ಹೊಸ್ತಿಲ ಮೇಲೆ ಕೂತೆ. ಐವತ್ತು ವರ್ಷ ನಾನು ಅಂಜಿದ್ದೆಲ್ಲ ಬರೀ ತಾಲೀಮು ಎಂದು ಅವತ್ತು ತಿಳಿಯಿತು.

"ಮಾಮಾ, ಇದು ಶಿಫಾರಸು ಅಲ್ಲೋ. ಕಬೂಲಿ. ಅಕಿ ಪರವಾಗಿ ನೀನ ತಪ್ಪು ಒಪ್ಪಿಕೊಂಡು ಬರದ ಕೊಟ್ಟಿ."

"ಏನ್ ತಪ್ಪು? ಅಕಿ ಏನ್ ಕಳುವು ಮಾಡ್ಯಾಳೇನು?" ಮಾಮಾನಿಗೆ ನನ್ನ ಮಾತು ತಲೆಗೇ ಹೋಗಲಿಲ್ಲ. "ಅವ್ರು ನಮ್ಮಾವ್ರಲೇ. ಏನೋ ಕೆಳಗಿನ ಅಧಿಕಾರಿಗೋಳು ತಪ್ಪು ತಿಳಕೊಂಡಾರ. ಗೆಳೆಯಾರಿಗೆ ಖರೆ ಸಂಗತಿ ಬರದ್ರ ಅಂಜೋದೇನೈತಿ? ನಿಂದೊಂದು ಕೀಲಿ ಜಗ್ಗೋ ಚಟ."

ಮಗ್ಗದ ಸಪ್ಪಳ ನಿಂತಿತು. ಅವತ್ತು ಅತ್ತೆ ಹೊಸ ಹಾಸು ಕೂಡಿಸುತ್ತ ಕೂತಿದ್ದಳು ಎಂದು ಬರೆದರೆ ಕತೆಗೆ ಚಂದ ಆಗುತ್ತಿತ್ತು. ಇಲ್ಲ, ಸುಮ್ಮನೆ ನೇಯುತ್ತಿದ್ದಳು. ಎದ್ದು ಬಂದು, ಇಂಗ್ಲಿಷ್ ಬಾರದಿದ್ದರೂ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ನಾನು ಅರ್ಥ ಹೇಳಿದೆ.

"ನಲವತ್ತು ವರ್ಸ ಬರದ್ರಿ," ಅಂದಳು. "ಆ ಗೆಳೆಯಾರು ನಿಮಗ ಒಂದು ಕಾರ್ಡರ ಬರದಾರೇನು? ಅಮೆರಿಕಾದಾವ ಆದ್ರೂ ಕ್ಯಾಲೆಂಡರ್ ಕಳಸಿದ್ದ."

ಮಾಮಾ ಬಾಯಿ ತೆರೆದ. ಅತ್ತೆ ಅವಕಾಶ ಕೊಡಲಿಲ್ಲ. "ಯಾರರ ಹಾಸಿನ ಉರುಳಿಗೆ ಉರುಳಿ ಗಂಟು ಹಾಕ್ತಾರೇನ್ರಿ? ಎಳಿಗೆ ಎಳಿ ಕೂಡಸ್ತಾರ. ನಿಮ್ಮ ಎಳಿ ಆ ಹಾಸ್ಟೆಲ್‌ದಾಗೈತಿ. ಅದು ಹರೀಲಾರದಂಗ ನೋಡ್ರಿ ಮೊದ್ಲ."

ನಾನು ಮಾಮಾನ ಮುಖ ನೋಡುತ್ತಿದ್ದೆ. ಲಾಠಿಗೆ ಅಂಜದವನು, ಜೇಲಿಗೆ ಅಂಜದವನು. ಆ ಮುಖದ ಮೇಲೆ ನನಗೆ ಬಹಳ ಪರಿಚಯದ ಏನೋ ಒಂದು ಮೆಲ್ಲಗೆ ಬಂದು ಕೂತಿತು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನಾನು ನೋಡುವಂಥದ್ದು. ಅವನು ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲಲ್ಲೇ ಇದ್ದವು.

ಬೆಟಗೇರಿಯ ಅಂಚೆ ಕಚೇರಿಗೆ ಹೋದರೆ ಚೀಲ ಆಗಲೇ ಗದಗಿನ ದೊಡ್ಡ ಕಚೇರಿಗೆ ಹೋಗಿತ್ತು. ಅಲ್ಲಿಂದ ಐದೂವರೆಗೆ ಹುಬ್ಬಳ್ಳಿ ಕಡೆ ಹೊರಡುತ್ತದೆ ಅಂದರು. ಗಂಟೆ ನಾಲ್ಕೂಮುಕ್ಕಾಲು. ಆಟೋ ಹಿಡಿದೆವು. ಜಲ್ದಿ ಹೋಗಪ್ಪ ಎಂದು ನಾನು, ಜೋರು ಹೋಗಬೇಡಪ್ಪ ಎಂದೂ ನಾನೇ. ಆಟೋದವ ತಿರುಗಿ ನೋಡಿ, ಒಳಗೆ ಎಷ್ಟು ಮಂದಿ ಇದ್ದೀರಿ ಎಂದು ಕೇಳಿದ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಜನ್ಮದಲ್ಲಿ ಅಷ್ಟು ಉದ್ದದ ಗಾಡಿ ನಾನು ನೋಡಿಲ್ಲ. ಮಾಮಾ ಪ್ರತಿ ಡಬ್ಬಿಯನ್ನೂ ಕಣ್ಣಿನಿಂದ ನೂಕುತ್ತಿದ್ದ.

ದೊಡ್ಡ ಕಚೇರಿಯ ಕಿಟಕಿಯಲ್ಲಿದ್ದವಳು ನಡುವಯಸ್ಸಿನ ಹೆಣ್ಣುಮಗಳು. ಹಾಕಿದ ಪತ್ರವನ್ನು ಮರಳಿ ಪಡೆಯಲು ನಿಯಮ ಇದೆಯಂತೆ, ದೇವರು ಅಂಚೆ ಇಲಾಖೆಯನ್ನು ತಣ್ಣಗಿಡಲಿ! ರಸೀದಿ ಕೊಡಬೇಕು, ಅರ್ಜಿ ಬರೆಯಬೇಕು, ಕೈಬರಹ ತಾಳೆ ನೋಡಲು ಅದೇ ವಿಳಾಸವನ್ನು ಇನ್ನೊಂದು ಲಕೋಟೆಯ ಮೇಲೆ ಬರೆದು ತೋರಿಸಬೇಕು. ಮಾಮಾ ಬರೆದ. ಅವಸರಕ್ಕೆ ಅಕ್ಷರ ಸೊಟ್ಟಾದವು. ಕೈಬರಹ ಹೊಂದುತ್ತದೋ ಇಲ್ಲವೋ ಎಂದು ನನಗೆ ಹೊಸ ಭಯ. "ಕಾರಣಾ ಬರೀರಿ," ಅಂದಳು ಆಕೆ.

ಮಾಮಾ 'ವಿಳಾಸದಲ್ಲಿ ತಪ್ಪು' ಎಂದು ಬರೆದ. ಆಕೆ ರಸೀದಿ, ಹೊಸ ಲಕೋಟೆ ಎರಡನ್ನೂ ನೋಡಿ, ವಿಳಾಸ ಸರಿಯಾಗೇ ಇದೆಯಲ್ಲ, ಎರಡರಲ್ಲೂ ಒಂದೇ ಇದೆಯಲ್ಲ ಎಂದು ಕೇಳಿದಳು. ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತು. ಹಿಂದೆ ಯಾರೋ ಚೀಲಗಳ ಬಾಯಿ ಕಟ್ಟುತ್ತಿದ್ದರು. ನಾನು ಏನಾದರೊಂದು ಸುಳ್ಳು ಪಿಸುಗುಟ್ಟಬೇಕೆಂದು ಬಗ್ಗಿದೆ. ಜನ್ಮವೆಲ್ಲ ಅದನ್ನೇ ಮಾಡಿದವನು, ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಮಾಮಾ ಮೊದಲಿನದನ್ನು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ಒಂದೇ ಶಬ್ದ ಬರೆದು ಹಾಳೆ ಒಳಗೆ ತಳ್ಳಿದ.

'ಅಂಜಿಕೆ.'

ಆಕೆ ಓದಿ ತಲೆಯೆತ್ತಿದಳು. "ಯಾರ ಅಂಜಿಕಿರಿ, ಅಜ್ಜಾರ?"

"ಗೆಳೆಯಾರದವಾ," ಅಂದ ಮಾಮಾ.

ಆಕೆ ಎದ್ದು ಒಳಗೆ ಹೋಗಿ, ಕಟ್ಟಿದ್ದ ಒಂದು ಚೀಲ ಬಿಚ್ಚಿಸಿ, ಲಕೋಟೆ ತಂದು ಕೊಟ್ಟಳು.

ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆವು. ಮಾಮಾ ಲಕೋಟೆಯನ್ನು ಅಂಗಿಯ ಒಳಜೇಬಿಗೆ ಹಾಕಿ, ಮೇಲೆ ಕೈ ಇಟ್ಟುಕೊಂಡ. ಅಮೆರಿಕಾದವನಿಗೆ ಎಂಥ ಕೆಟ್ಟ ಪತ್ರ ಬರೆದಾಗಲೂ ತನಗೆ ಒಂದು ದಿನ ನಿದ್ದೆ ಕೆಟ್ಟಿರಲಿಲ್ಲ, ಪ್ರೀತಿಯಿಂದ ಬರೆದ ಒಂದೇ ಪತ್ರಕ್ಕೆ ಎದೆ ಹೀಗೆ ಹೊಡೆದುಕೊಳ್ಳುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಲೇ ತಮ್ಮಾ, ನೀ ಅಂಜಿದಾಗ ಏನ್ ಮಾಡ್ತೀ?"

ಜೀವನದಲ್ಲಿ ಮೊದಲ ಸಲ ಯಾರೋ ನನ್ನ ವಿದ್ಯೆಯನ್ನು ಕೇಳಿದ್ದರು. "ಕೀಲಿ ಜಗ್ಗಿ ನೋಡ್ತೀನಿ, ಮಾಮಾ."

ಅವನು ನಗಲಿಲ್ಲ. "ನನ್ನ ಕೀಲಿ ಆ ದೇಶದಾಗೈತಿ. ಇಲ್ಲಿಂದ ಹೆಂಗ ಜಗ್ಗಲಿ?"

ಶನಿವಾರ ಕೂಟದಲ್ಲಿ ಮಾಮಾ ಎಲ್ಲವನ್ನೂ ಚಾಚಾನ ಎದುರು ಹೇಳಿದ, ಲಕೋಟೆಯನ್ನೂ ಮುಂದಿಟ್ಟ. ಚಾಚಾ ಅದನ್ನು ಮುಟ್ಟಲಿಲ್ಲ. ತಮಗೆ ತೋರಿಸಿದ್ದರೆ ತಾವೂ ಸಹಿ ಹಾಕಿಬಿಡುತ್ತಿದ್ದರೋ ಏನೋ ಅಂದರು. ಸಲ್ಮಾ ನಿಂತಿದ್ದು ಕೇಳಿ ತಮಗೂ ಎದೆಯುಬ್ಬಿತು, ಆಮೇಲೆಯೇ ಅಂಜಿಕೆ ಬಂದದ್ದು ಎಂದರು. ಅವತ್ತಿನ ಠರಾವು ಆ ಸರ್ಕಾರಗಳ ಕೂಟಕ್ಕೆ ಅಭಿನಂದನೆ ಹೇಳುವುದಾಗಿತ್ತು. ಮಾಮಾ ಪುಸ್ತಕ ತೆರೆದು, 'ಮುಂದೂಡಲಾಗಿದೆ' ಎಂದು ಬರೆದು ಮುಚ್ಚಿದ. ನಿದ್ದೆಯಿಂದ ಎದ್ದ ಮಾಸ್ತರರು ಅಭ್ಯಾಸಬಲದಿಂದ ಕೈ ಎತ್ತಿದರು.

ಸೋಮವಾರ ಸಲ್ಮಾಳ ಪಾಸ್‌ಪೋರ್ಟ್ ಮರಳಿ ಬಂತು. ಬ್ರೆಡ್ಡನ್ನು ಅವರು ನಂಬಿದರು. ಕೋಣೆಯ ಗೆಳತಿಯ ಮಾತನ್ನು ನಂಬಲಿಲ್ಲ. ಅವಳನ್ನು ಒಯ್ದರು. ಎಲ್ಲಿಗೆ ಎಂದು ಇವತ್ತಿಗೂ ಗೊತ್ತಿಲ್ಲ.

ಮಾಮಾ ಬದಲಾದ ಅಂತೀರೇನು? ಇಲ್ಲ. ಬಾಂಬು ಬಿದ್ದ ದಿನ ಈಗಲೂ ಉಣ್ಣುವುದಿಲ್ಲ, ಗೊಂಜಾಳದ ಗಾಡಿ ಕಂಡರೆ ಈಗಲೂ ಮುಖ ತಿರುಗಿಸುತ್ತಾನೆ. ಆ ಠರಾವು ಮಾತ್ರ ಇನ್ನೂ ಮುಂದೂಡಿಯೇ ಇದೆ. ನಕಾಶೆಯಲ್ಲಿ ಆ ದೇಶದ ಕುಂಕುಮ ಕಾಲಕ್ರಮದಲ್ಲಿ ಉದುರಿತು, ಅವನು ಮತ್ತೆ ಹಚ್ಚಲಿಲ್ಲ. ಆ ಜಾಗದಲ್ಲಿ ಪೆನ್ನಿನಿಂದ ಸಣ್ಣಗೆ ಆ ಗೆಳತಿಯ ಹೆಸರು ಬರೆದಿದ್ದಾನೆ. ಅವಳ ಸಲುವಾಗಿ ಯಾರಿಗೂ ಪತ್ರ ಬರೆದಿಲ್ಲ. ಬರೆದರೆ ಸಲ್ಮಾಳಿಗೆ ಕುತ್ತು. ಬರೆಯದಿದ್ದುದು ಅವನನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ ಎಂದು ನನಗೆ ಗೊತ್ತು. ಅಂಥದ್ದು ಹೇಗೆ ತಿನ್ನುತ್ತದೆ ಎಂಬುದನ್ನು ಬಲ್ಲವನು ನಾನು.

ದಿನಾ ನಾಲ್ಕು ಗಂಟೆಗೆ ಸಲ್ಮಾ ಫೋನು ಮಾಡುತ್ತಾಳೆ. ಸಭೆಗಳಲ್ಲಿ ಮೈಕೇ ಬೇಡ ಅನ್ನುತ್ತಿದ್ದ ಮನುಷ್ಯ, ಯಾರು ಕೇಳಿಸಿಕೊಳ್ಳುತ್ತಾರೋ ಎಂದು ಮೆಲ್ಲಗೆ, ಚಳಿ ಐತೇನವಾ, ಊಟಾ ಮಾಡಿದೇನು ಎಂದಷ್ಟೇ ಕೇಳುತ್ತಾನೆ. ಹೋದ ವಾರ ನಾವಿಬ್ಬರೂ ಶಿರಹಟ್ಟಿಗೆ ಒಂದು ಮದುವೆಗೆ ಹೊರಟಿದ್ದೆವು. ಅತ್ತೆ ಮುಂಚೆಯೇ ಹೋಗಿದ್ದಳು. ನಾಲ್ಕು ದಾಟಿ ಹತ್ತು ನಿಮಿಷವಾದರೂ ಫೋನು ಬರಲಿಲ್ಲ. ಮಾಮಾ ಮನೆಯ ಬಾಗಿಲು ಎಳೆದು ಕೀಲಿ ಹಾಕಿದ. ಜಗ್ಗಿದ. ಮತ್ತೊಮ್ಮೆ ಜಗ್ಗಿದ. ಮೂರು ಮೆಟ್ಟಿಲು ಇಳಿದು, ಮೊಣಕಾಲು ಹಿಡಿದುಕೊಂಡು ಮರಳಿ ಹತ್ತಿ, ಕೀಲಿಯನ್ನು ಅಂಗೈಯಲ್ಲಿ ಹಿಡಿದು ನಿಂತುಬಿಟ್ಟ.

ನಾನು ಚೇಷ್ಟೆ ಮಾಡಲಿಲ್ಲ. ಮೇಲೆ ಹತ್ತಿ ಹೋಗಿ ಅವನ ಬಾಜೂಕ ನಿಂತೆ.